ಟೂರ್ಮಲಿನ್ ರತ್ನಕ್ಕೆ ಆ ಹೆಸರು ಬಂದದ್ದು ಹೇಗೆ?

ಟೂರ್ಮಲಿನ್ ಎಂಬ ಹೆಸರು ಸಿಂಹಳ ಭಾಷೆಯ ‘ತೋರಮಲ್ಲಿ’ ಎಂಬ ಪದದಿಂದ ಬಂದಿದೆ. ಶ್ರೀಲಂಕಾದ ರತ್ನವ್ಯಾಪಾರಿಗಳು ಅದನ್ನು ಯಾವುದೋ ಒಂದು ನಿರ್ದಿಷ್ಟ ಕಲ್ಲಿಗಲ್ಲ, ಬಗೆಬಗೆಯ ಬಣ್ಣದ ಹರಳುಗಳಿಗೆ ಒಟ್ಟಾಗಿ ಬಳಸುತ್ತಿದ್ದರು. 18ನೆಯ ಶತಮಾನದ ಆರಂಭದಲ್ಲಿ ಡಚ್ಚರು ಈ ಹರಳುಗಳನ್ನು ಯೂರೋಪಿಗೆ ಒಯ್ದಾಗ ಹೆಸರೂ ಜೊತೆಗೆ ಹೋಯಿತು. ಇಂಥ ಸಡಿಲ ಹೆಸರು ಈ ಖನಿಜಕ್ಕೆ ಒಪ್ಪುವಂಥದ್ದೇ: ಇದರ ಸ್ಫಟಿಕರಚನೆಯಲ್ಲಿ ಕಬ್ಬಿಣ, ಮ್ಯಾಂಗನೀಸ್, ಕ್ರೋಮಿಯಂ ಮೊದಲಾದ ಧಾತುಗಳು ಒಂದರ ಜಾಗದಲ್ಲಿ ಇನ್ನೊಂದು ಸೇರಿಕೊಳ್ಳಬಲ್ಲವಾದ್ದರಿಂದ ಬಣ್ಣ ಹರಳಿನಿಂದ ಹರಳಿಗೆ ಬದಲಾಗುತ್ತದೆ, ಒಂದೇ ಹರಳಿನ ನಡುಭಾಗ ಗುಲಾಬಿಯಾಗಿದ್ದು ಅಂಚು ಹಸಿರಾಗಿರುವುದೂ ಉಂಟು. ಡಚ್ಚರು ಇದನ್ನು, ನನಗೆ ಹೆಚ್ಚು ಅರ್ಥಪೂರ್ಣವೆನಿಸುವ ‘ಬೂದಿ ಸೆಳೆಯುವ ಕಲ್ಲು’ ಎಂಬ ಹೆಸರಿನಿಂದಲೂ ಕರೆದರು. ಬಿಸಿ ಮಾಡಿದಾಗ ಹರಳಿನ ಎರಡು ತುದಿಗಳಲ್ಲಿ ವಿರುದ್ಧ ವಿದ್ಯುದಾವೇಶ ಉಂಟಾಗಿ ಅದು ಬೂದಿಯ ಕಣಗಳನ್ನು ಎಳೆದುಕೊಳ್ಳುತ್ತದೆ.