ವಾಸೆದಾಗೆ ಹೊರಟ ತಂಗಿಗೆ

ತಂಗೀ,

ನಿನ್ನ ಪತ್ರದಲ್ಲಿರುವುದು ಮೂರು ಪ್ರಶ್ನೆ. ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರಕ್ಕೆ ಸೀಟು ಸಿಕ್ಕಿದೆ, ಸೆಪ್ಟೆಂಬರಿನಲ್ಲಿ ಹೊರಡಬೇಕು. ಆದರೆ ಅದು ಖಾಸಗಿ ಎಂದು ಗೊತ್ತಾದ ಮೇಲೆ ಅಪ್ಪನಿಗೆ ಅನುಮಾನ. ಪಾಠ ಇಂಗ್ಲಿಷಿನಲ್ಲೇ ನಡೆಯುವಾಗ ಜಪಾನಿ ಭಾಷೆ ಕಲಿಯಲೇಬೇಕೇ? ದಾವಣಗೆರೆಯ ಸಸ್ಯಾಹಾರಿ ಮನೆಯವಳು ಅಲ್ಲಿ ಏನು ತಿಂದು ಬದುಕಬೇಕು? ಊಟದ ವಿಷಯ ಕೊನೆಗಿರಲಿ. ಮೊದಲು ಅಪ್ಪನ ಅನುಮಾನ.

ಅವರನ್ನು ದೂರುವಂತಿಲ್ಲ. ನಮ್ಮ ಕಡೆ ಖಾಸಗಿ ಕಾಲೇಜು ಎಂದೊಡನೆ ಕಣ್ಣ ಮುಂದೆ ಬರುವುದು ಮ್ಯಾನೇಜ್‌ಮೆಂಟ್ ಸೀಟು ಮತ್ತು ಡೊನೇಷನ್. ವಾಸೆದಾ ಖಾಸಗಿಯಾದದ್ದು ಬೇರೆ ಕಾರಣಕ್ಕೆ. ಅದನ್ನು ಕಟ್ಟಿದ ಓಕುಮಾ ಶಿಗೆನೊಬು ಮೇಜಿ ಚಕ್ರವರ್ತಿಯ ಕಾಲದ ಸರ್ಕಾರದ ದೊಡ್ಡ ಮಂತ್ರಿಗಳಲ್ಲಿ ಒಬ್ಬ. ಸಂವಿಧಾನ, ಸಂಸತ್ತು ಬೇಗ ಬರಬೇಕು ಎಂದು ಹಟ ಹಿಡಿದದ್ದಕ್ಕೆ 1881ರಲ್ಲಿ ಅವನನ್ನು ಅಧಿಕಾರದಿಂದ ಹೊರಗೆ ಹಾಕಿದರು. ಮರುವರ್ಷ ಅವನು ಒಂದು ರಾಜಕೀಯ ಪಕ್ಷ ಕಟ್ಟಿದ, ಜೊತೆಗೆ ಒಂದು ಶಾಲೆಯನ್ನೂ ತೆರೆದ: ಟೋಕಿಯೊ ಸೆನ್ಮೊನ್ ಗಕ್ಕೊ. ಸರ್ಕಾರ ಅದನ್ನು ಬಹುಕಾಲ ವಿರೋಧಿಗಳ ಗೂಡೆಂದೇ ನೋಡಿತು. ಆರಂಭದ ದಿನ ಅವನ ಸಂಗಡಿಗ ಓನೊ ಅಜುಸಾ ಭಾಷಣದಲ್ಲಿ ಎತ್ತಿ ಹೇಳಿದ್ದು ವಿದ್ಯೆಯ ಸ್ವಾತಂತ್ರ್ಯವನ್ನು. ಇಲ್ಲಿ ಖಾಸಗಿ ಎನ್ನುವ ಮಾತಿಗೆ ಆಗಿನಿಂದ ಇರುವ ತೂಕ ಅದು. ಅಪ್ಪನಿಗೆ ಇದನ್ನು ಓದಿ ಹೇಳು.

ನನಗೆ ಈ ಕಥೆಯಲ್ಲಿ ಹೆಚ್ಚು ಇಷ್ಟವಾದದ್ದು ಇನ್ನೊಂದು ಸಂಗತಿ. ಆಗಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಉನ್ನತ ವಿದ್ಯೆ ಎಂದರೆ ವಿದೇಶಿ ಭಾಷೆಯಲ್ಲಿ ಕೇಳುವ ಪಾಠ. ಈ ಶಾಲೆ ಕಾನೂನು, ರಾಜ್ಯಶಾಸ್ತ್ರಗಳನ್ನು ಜಪಾನಿಯಲ್ಲೇ ಕಲಿಸಲು ಹೊರಟಿತು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಪಿಯುಸಿಯ ಮೊದಲ ವಾರ ವಿಜ್ಞಾನದ ತರಗತಿಯಲ್ಲಿ ಕಣ್ಣು ಕಣ್ಣು ಬಿಟ್ಟು ಕುಳಿತಿದ್ದವಳಿಗೆ ಆ ಧೈರ್ಯ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

1902ರಲ್ಲಿ ಶಾಲೆ ವಾಸೆದಾ ಎಂಬ ಹೆಸರು ಪಡೆಯಿತು. ಅದರ ಅಕ್ಷರಗಳ ಅರ್ಥ ಬೇಗ ಕೊಯ್ಲಿಗೆ ಬರುವ ಭತ್ತದ ಗದ್ದೆ. ಲಾಂಛನದಲ್ಲಿ ಈಗಲೂ ಭತ್ತದ ತೆನೆಗಳಿವೆ. ಕಾನೂನಿನ ಪ್ರಕಾರ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದ್ದು 1920ರಲ್ಲಿ, ಹಳೆಯ ಎದುರಾಳಿಯಾದ ಇನ್ನೊಂದು ಖಾಸಗಿ ಸಂಸ್ಥೆ ಕೇಯೊ ಜೊತೆಗೇ. ಅಲ್ಲಿಯವರೆಗೆ ಆ ಮರ್ಯಾದೆ ಸರ್ಕಾರಿ ಸಂಸ್ಥೆಗಳಿಗೇ ಮೀಸಲು. ಹೆಣ್ಣುಮಕ್ಕಳನ್ನು ಪದವಿ ತರಗತಿಗೆ ಸೇರಿಸಿಕೊಂಡದ್ದು ಮಾತ್ರ 1939ರಲ್ಲಿ. ಸ್ವಾತಂತ್ರ್ಯದ ಮಾತು ಆಡಿದವರಿಗೂ ಅಷ್ಟು ಕಾಲ ಹಿಡಿಯಿತು.

ಹಣದ ವಿಷಯ ಮುಚ್ಚಿಡುವುದಿಲ್ಲ. ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಶುಲ್ಕ ವರ್ಷಕ್ಕೆ 5,35,800 ಯೆನ್. ಖಾಸಗಿಯಲ್ಲಿ, ಅದರಲ್ಲೂ ಎಂಜಿನಿಯರಿಂಗ್‌ನಲ್ಲಿ, ಅದಕ್ಕಿಂತ ಬಹಳ ಹೆಚ್ಚು. ವಿದ್ಯಾರ್ಥಿ ವೀಸಾದವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು, ಆದರೆ ಆ ಸಂಪಾದನೆ ಕೈಖರ್ಚಿಗೆ ಸರಿ, ಶುಲ್ಕಕ್ಕಲ್ಲ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಹೊರಡುವ ಮುನ್ನವೇ ಹಾಕು.

ಈಗ ಕ್ಯಾಂಪಸ್. ಮುಖ್ಯ ಪ್ರವೇಶದಲ್ಲಿ ಗೇಟಿನ ಬಾಗಿಲೇ ಇಲ್ಲ. ಯಾರು ಬೇಕಾದರೂ ನಡೆದು ಬರಬಹುದು. ಎದುರಿಗೆ 1927ರಲ್ಲಿ ಕಟ್ಟಿದ ಓಕುಮಾ ಸಭಾಂಗಣ. ಅದರ ಗಡಿಯಾರದ ಗೋಪುರ 125 ಶಾಕು ಎತ್ತರ, ನಮ್ಮ ಲೆಕ್ಕದಲ್ಲಿ ಸುಮಾರು 38 ಮೀಟರ್. ಸರಿಯಾಗಿ ಬಾಳಿದರೆ ಮನುಷ್ಯ 125 ವರ್ಷ ಬದುಕಬಲ್ಲ ಎಂದು ಓಕುಮಾ ನಂಬಿದ್ದ, ಆ ಲೆಕ್ಕ. ಹೀಗೆ ನಂಬಿದವನು 1889ರಲ್ಲಿ ವಿದೇಶಾಂಗ ಮಂತ್ರಿಯಾಗಿದ್ದಾಗ ಬಾಂಬ್ ದಾಳಿಯಲ್ಲಿ ಒಂದು ಕಾಲು ಕಳೆದುಕೊಂಡಿದ್ದ. ಆಮೇಲೆ ಎರಡು ಸಲ ಪ್ರಧಾನಿಯೂ ಆದ. ಅವನ ವಿಗ್ರಹದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳದೆ ಯಾರೂ ಪದವಿ ಮುಗಿಸುವುದಿಲ್ಲ.

ಆದರೆ ನೀನು ದಿನ ಕಳೆಯುವುದು ಅಲ್ಲಿ ಅಲ್ಲ. ಎಂಜಿನಿಯರಿಂಗ್ ವಿಭಾಗ ನಿಶಿ-ವಾಸೆದಾ ಕ್ಯಾಂಪಸ್ಸಿನಲ್ಲಿದೆ: ಕಾಂಕ್ರೀಟ್ ಕಟ್ಟಡಗಳು, ಚೆಂದ ಕಡಿಮೆ, ರಾತ್ರಿ ಹನ್ನೊಂದಕ್ಕೂ ಆರದ ದೀಪ. ಪೂರ್ಣ ಪ್ರಮಾಣದ ಮೊದಲ ಮಾನವಾಕೃತಿ ರೋಬೋಟ್ ವಾಬೊಟ್-1 ಅನ್ನು ಕಾತೊ ಇಚಿರೊ ತಂಡ 1973ರಲ್ಲಿ ನಡೆಸಿ ತೋರಿಸಿದ್ದು ಈ ವಿಶ್ವವಿದ್ಯಾಲಯದಲ್ಲೇ. ಇಲ್ಲಿ ಸ್ನಾತಕೋತ್ತರ ಎಂದರೆ ತರಗತಿಗಿಂತ ಹೆಚ್ಚಾಗಿ 'ಕೆನ್‌ಕ್ಯೂಶಿತ್ಸು', ಅಂದರೆ ನಿನ್ನ ಪ್ರಾಧ್ಯಾಪಕರ ಪ್ರಯೋಗಾಲಯ. ನಿನಗೊಂದು ಮೇಜು ಕೊಡುತ್ತಾರೆ. ಹಿರಿಯರು 'ಸೆನ್‌ಪಾಯ್', ಕಿರಿಯರು 'ಕೊಹಾಯ್'. ವಾರಕ್ಕೊಂದು ಸೆಮಿನಾರು, ವರ್ಷದ ಕೊನೆಗೆ ಪ್ರಾಧ್ಯಾಪಕರನ್ನೂ ಸೇರಿಸಿ ಎಲ್ಲರೂ ಪೊರಕೆ ಹಿಡಿಯುವ ದೊಡ್ಡ ಸ್ವಚ್ಛತೆ. ಒಂದು ಅವಿಭಕ್ತ ಕುಟುಂಬಕ್ಕೆ ಸೊಸೆಯಾಗಿ ಹೋದಂತೆ ಎಂದುಕೋ. ಮನೆಯ ರೀತಿ ತಿಳಿಯುವವರೆಗೆ ಬಾಯಿಗಿಂತ ಕಣ್ಣಿಗೆ ಕೆಲಸ ಜಾಸ್ತಿ.

ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪಾಠ, ಪರೀಕ್ಷೆ, ಪ್ರಬಂಧ ಎಲ್ಲವನ್ನೂ ಇಂಗ್ಲಿಷಿನಲ್ಲಿ ಮುಗಿಸಬಹುದು. ನಾನೂ ಹಾಗೆಯೇ ಮುಗಿಸಿದೆ, ಅದೇ ನನ್ನ ತಪ್ಪು. ಊಟದ ಮೇಜಿನ ಹರಟೆ, ಯಂತ್ರ ಏಕೆ ಕೆಟ್ಟಿತು ಎಂಬ ಚರ್ಚೆ, ಯಾವ ಕಂಪನಿ ಹೇಗೆ ಎಂಬ ಪಿಸುಮಾತು, ಎಲ್ಲ ಜಪಾನಿಯಲ್ಲಿ. ಮೊದಲ ವರ್ಷ ಪೂರ್ತಿ ಉಳಿದವರು ನಕ್ಕಾಗ ನಾನೂ ನಕ್ಕೆ, ಯಾತಕ್ಕೆಂದು ತಿಳಿಯದೆ. ಉಚಿತವಾಗಿ ಕಲಿಯುವ ಅವಕಾಶ ಇದ್ದರೂ 'ನಾಳೆ ನೋಡೋಣ' ಎಂದು ಸೋಮಾರಿತನ ಮಾಡಿದೆ. ಕೆಲಸ ಹುಡುಕುವ ಕಾಲ ಬಂದಿತು ನೋಡು, 'ಶೂಕಾತ್ಸು' ಎನ್ನುತ್ತಾರೆ, ಎಲ್ಲರೂ ಒಂದೇ ಥರದ ಕಪ್ಪು ಸೂಟು ಹಾಕಿಕೊಂಡು ಸಂದರ್ಶನಕ್ಕೆ ಓಡಾಡುವ ಕಾಲ, ಆಗ ಕೂತು ರಾತ್ರಿ ಹಗಲು ಚೀನೀ ಮೂಲದ ಕಾಂಜಿ ಅಕ್ಷರ ತಿದ್ದಿದೆ. ನೀನು ಇವತ್ತೇ ಹಿರಗಾನ, ಅಂದರೆ ಜಪಾನಿಯ ಮೊದಲ ಅಕ್ಷರಮಾಲೆ, ಶುರು ಮಾಡು. ಒಂದು ಸಮಾಧಾನ: ಕ್ರಿಯಾಪದ ಕೊನೆಗೆ ಬರುವ ವಾಕ್ಯ, ನಾಮಪದಕ್ಕೆ ಹಿಂದೆ ಅಂಟುವ ಪ್ರತ್ಯಯ, ಇವೆಲ್ಲ ಕನ್ನಡದವರಿಗೆ ಹೊಸತಲ್ಲ. ಇಂಗ್ಲಿಷಿನ ಮೂಲಕ ಕಲಿಯದೆ ನೇರವಾಗಿ ಕನ್ನಡಕ್ಕೆ ಹೋಲಿಸಿ ಕಲಿ, ಅರ್ಧ ದಾರಿ ಉಳಿಯುತ್ತದೆ.

ಒಂದು 'ಸರ್ಕಲ್' ಅನ್ನೂ ಸೇರು. ವಿದ್ಯಾರ್ಥಿಗಳೇ ನಡೆಸುವ ಕೂಟಗಳಿಗೆ ಇಲ್ಲಿ ಆ ಹೆಸರು. ನಾಟಕ, ಬೆಟ್ಟ ಹತ್ತುವುದು, ಚಹಾ, ಏನು ಬೇಕೋ ಅದು. ಬೇಸ್‌ಬಾಲ್ ತಿಳಿಯದಿದ್ದರೂ ಕೇಯೊ ಜೊತೆಗಿನ ಪಂದ್ಯಕ್ಕೆ ಜಿಂಗೂ ಕ್ರೀಡಾಂಗಣಕ್ಕೆ ಹೋಗು. 1903ರಲ್ಲಿ ಶುರುವಾದ ಈ ಪಂದ್ಯ 1906ರಲ್ಲಿ ಬೆಂಬಲಿಗರ ಆವೇಶ ಮಿತಿಮೀರಿ ನಿಂತುಹೋಗಿ, ಮತ್ತೆ ನಡೆದದ್ದು 1925ರಲ್ಲಿ. ನಮ್ಮವರ ಕ್ರಿಕೆಟ್ ಹುಚ್ಚು ಅಲ್ಲಿ ಸಪ್ಪೆಯಾಗಿ ಕಾಣುತ್ತದೆ.

ಮನೆಯ ಬಗ್ಗೆ ಒಂದೇ ಮಾತು: ಮೊದಲ ವರ್ಷ ಹಾಸ್ಟೆಲ್ ಹಿಡಿ. ನಾನು ಆತುರಪಟ್ಟು ಬಾಡಿಗೆ ಮನೆ ಹುಡುಕಲು ಹೋದಾಗ ದಲ್ಲಾಳಿ ನನ್ನೆದುರಿಗೇ ಮೂವರು ಮಾಲೀಕರಿಗೆ ಫೋನ್ ಮಾಡಿದ. ವಿದೇಶಿ ಎಂದೊಡನೆ ಮೂವರೂ ಆಗುವುದಿಲ್ಲ ಎಂದರು. ಸಿಕ್ಕ ನಾಲ್ಕನೆಯದಕ್ಕೆ 'ರೇಕಿನ್' ತೆತ್ತೆ. ಅದು ಮಾಲೀಕನಿಗೆ ಕೊಡುವ ಕಾಣಿಕೆ, ಬೆಂಗಳೂರಿನ ಅಡ್ವಾನ್ಸಿನಂತೆ ವಾಪಸ್ ಬರುವುದಿಲ್ಲ. ಎಲ್ಲಿ ಉಳಿದರೂ ವಿಳಾಸ ಗೊತ್ತಾದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ದಾಖಲಿಸಬೇಕು. ಅಲ್ಲೇ ಆರೋಗ್ಯ ವಿಮೆಯೂ ಆಗುತ್ತದೆ; ಆಮೇಲೆ ಆಸ್ಪತ್ರೆಯ ಬಿಲ್ಲಿನಲ್ಲಿ ನಿನ್ನ ಪಾಲು ಶೇ 30.

ಇನ್ನು ಊಟ. 'ದಾಶಿ', ಅಂದರೆ ಮೀನು ಕುದಿಸಿ ತೆಗೆದ ರಸ, ತರಕಾರಿ ಸಾರಿನಲ್ಲೂ ಇರುತ್ತದೆ, ಆದ್ದರಿಂದ ಹೊರಗೆ ಕೇಳಿಯೇ ತಿನ್ನು, ಮನೆಯಲ್ಲಿ ಮಾಡಿಕೋ. ಕ್ಯಾಂಪಸ್ಸಿನ ಹತ್ತಿರದ ತಕದನೊಬಾಬಾ ರೈಲು ನಿಲ್ದಾಣದಿಂದ ಒಂದೇ ನಿಲ್ದಾಣ ದೂರದ ಶಿನ್-ಓಕುಬೊದಲ್ಲಿ ಬೇಳೆ, ಜೀರಿಗೆ, ಅರಿಸಿನ ಎಲ್ಲ ಸಿಗುತ್ತವೆ. ಇಲ್ಲಿಯ ಅಂಟು ಅಕ್ಕಿ ಚಿತ್ರಾನ್ನಕ್ಕೆ ಆಗದು, ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿಂದ ಮುಂದಿನ ನಿಲ್ದಾಣ ಶಿಂಜುಕು. ಅಲ್ಲಿರುವ ನಕಮುರಾಯ ಅಂಗಡಿಯನ್ನು ಕಟ್ಟಿದ ಸೋಮಾ ಐಜೊ ನಿನ್ನ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. 1915ರಲ್ಲಿ ಬ್ರಿಟಿಷರು ಹುಡುಕುತ್ತಿದ್ದ ರಾಸ್‌ಬಿಹಾರಿ ಬೋಸರನ್ನು ಅವನೂ ಅವನ ಹೆಂಡತಿಯೂ ಅಲ್ಲೇ ಬಚ್ಚಿಟ್ಟರು. ಬೋಸರು ಮುಂದೆ ಅವರ ಅಳಿಯನಾದರು. 1927ರಲ್ಲಿ ಆ ಅಂಗಡಿ ಮಾರತೊಡಗಿದ ಇಂಡಿಯನ್ ಕರಿಯ ಹಿಂದೆ ಇರುವುದು ಬೋಸರದೇ ಕೈ. ಕೋಳಿಯದು, ನಿನಗೆ ಬೇಡ. ಕಥೆಯನ್ನಾದರೂ ರುಚಿ ನೋಡು.

ಬಂದ ವಾರವೇ ನಮ್ಮ ಮನೆಗೆ ಬಾ. ನಾವಿರುವುದು ಭಾರತೀಯರು ಗುಂಪಾಗಿ ನೆಲೆಸಿರುವ ನಿಶಿ-ಕಸಾಯ್‌ನಲ್ಲಿ. ತಕದನೊಬಾಬಾದಲ್ಲಿ ತೋಜಾಯ್ ಮಾರ್ಗದ ರೈಲು ಹತ್ತಿದರೆ ನಡುವೆ ಬದಲಿಸಬೇಕಾಗಿಲ್ಲ. ಆದರೆ ವೇಗದ ರೈಲು ಹತ್ತಬೇಡ, ಅದು ನಮ್ಮಲ್ಲಿ ನಿಲ್ಲದೆ ನದಿ ದಾಟಿ ಉರಯಾಸುವಿಗೆ ಒಯ್ದು ಇಳಿಸುತ್ತದೆ. ಇಳಿದರೂ ಗಾಬರಿಯಾಗಬೇಡ, ಎದುರು ಪ್ಲಾಟ್‌ಫಾರ್ಮಿನಿಂದ ಫೋನ್ ಮಾಡು, ಅಷ್ಟರಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತೇನೆ.

ನಿನ್ನ ಅಕ್ಕ