ಹ್ಯಾರಿ ಪಾಟರ್ ಕೊನೆಯ ಪುಸ್ತಕದ ಟೆಂಟ್ ಭಾಗ ಹಾರಿಸಿ ಓದಬಹುದಾ?

ಆರು ಪುಸ್ತಕ ಓದಿ ಮುಗಿಸಿದ್ದೀರಿ, ಸಿನಿಮಾನೂ ನೋಡಿದ್ದೀರಿ, ಏಳನೆಯದು ಮಾತ್ರ ಕಾಡಿನ ಟೆಂಟ್‌ನಲ್ಲಿ ಸಿಕ್ಕಿಕೊಂಡು ಬೋರ್ ಹೊಡೀತಿದೆ, ಸೀದಾ ಯುದ್ಧಕ್ಕೆ ಹೋಗಲಾ ಅಂತ ಕೇಳಿದ್ದೀರಿ. ಬೇಡ ರೀ. ನಾನು ಹಾಗೆ ಹಾರಿಸಿದವನೇ.

ಆ ಪುಸ್ತಕ ಹೊರಬಂದದ್ದು 2007ರ ಜುಲೈ 21ಕ್ಕೆ. ನಾನಾಗ ಬಾಗಲಕೋಟೆಯ ನವನಗರದಲ್ಲಿ ಪಿಯುಸಿ. ರಟ್ಟಿನ ಹೊದಿಕೆಯ ಆ ದಪ್ಪ ಪುಸ್ತಕ ಕೊಳ್ಳುವ ಮಾತೇ ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ. ಬೆಳಗಾವಿಯಲ್ಲಿದ್ದ ಅತ್ತೆಯ ಮಗ ಕೊಂಡಿದ್ದ. ನಾಗರ ಪಂಚಮಿಗೆ ಅತ್ತೆ ತವರಿಗೆ ಬಂದರು, ಜೊತೆಗೆ ಅವನೂ ಬಂದ, ಅವನ ಚೀಲದಲ್ಲಿ ಪುಸ್ತಕವೂ ಬಂತು. ಹಬ್ಬ ಮುಗಿಸಿ ಬಸ್ ಹತ್ತುವಾಗ ವಾಪಸ್ ಕೊಡಬೇಕು ಅಂತ ಮೊದಲೇ ಕರಾರು ಮಾಡಿಸಿಕೊಂಡಿದ್ದ.

ಮನೆ ತುಂಬ ಜನ. ಅಡುಗೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತಿದ್ದರು. ಹುಡುಗರೆಲ್ಲ ಜೋಕಾಲಿಗೆ ಪಾಳಿ ಹಚ್ಚಿದ್ದರು. ನಾನು ಜೋಳದ ಚೀಲಕ್ಕೆ ಒರಗಿ, ಒಂದು ಕೈಯಲ್ಲಿ ಉಂಡಿ ಹಿಡಿದು ಓದುತ್ತಿದ್ದೆ. ಹದಿನೈದನೇ ಅಧ್ಯಾಯದಲ್ಲಿ, ಹ್ಯಾರಿಯ ಗೆಳೆಯ ರಾನ್ ಜಗಳ ಆಡಿ ಟೆಂಟ್ ಬಿಟ್ಟು ಹೋಗುವ ಪುಟದ ಮೂಲೆಗೆ, ಬೆಲ್ಲದ ಹೆಬ್ಬೆರಳು ಅಚ್ಚೊತ್ತಿತು. ಅಲ್ಲಿಂದ ಮುಂದಿನ ಪುಟಗಳಲ್ಲಿ ಕಲೆ ಇಲ್ಲ. ಯಾಕೆಂದರೆ ಅಲ್ಲಿಂದ ಮುಂದೆ ನಾನು ಓದಲೇ ಇಲ್ಲ, ಬೆರಳಿನಿಂದ ಸರಸರ ತಿರುವಿದೆ.

"ಲೇ, ಓದಾಕತ್ತಿಯೋ, ಬರೇ ಹಾಳಿ ಹೊಳ್ಳಸಾಕತ್ತಿಯೋ?" ಅಂದ ಅತ್ತೆಯ ಮಗ. "ಓದಾಕತ್ತೇನಿ" ಅಂದೆ. 31ನೇ ಅಧ್ಯಾಯಕ್ಕೆ ಜಿಗಿದಿದ್ದೆ. ಅಲ್ಲಿ ಯುದ್ಧ ಶುರು.

ಇದರಿಂದ ಕಳೆದುಕೊಂಡದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ. ಇಡೀ ಕಥೆಯ ಕೊನೆ ನಿಂತಿರುವುದು ಎಲ್ಡರ್ ವಾಂಡ್ ಅನ್ನೋ ಮಂತ್ರದಂಡದ ಮೇಲೆ, ಅಲ್ವಾ? ಆ ದಂಡ ಯಾರ ಕೈಯಲ್ಲಿದೆ ಅನ್ನೋದು ಲೆಕ್ಕಕ್ಕಿಲ್ಲ. ಹಿಂದಿನ ಒಡೆಯನನ್ನು ಸೋಲಿಸಿದವರು ಯಾರು ಅನ್ನೋದೇ ಲೆಕ್ಕ. ಸೋಲಿಸಲು ಕೊಲ್ಲಬೇಕು ಅಂತಲೂ ಇಲ್ಲ. ಆರನೇ ಪುಸ್ತಕದ 27ನೇ ಅಧ್ಯಾಯ ನೆನಪಿಸಿಕೊಳ್ಳಿ. ಗೋಪುರದ ಮೇಲೆ ಶಾಲೆಯ ಹೆಡ್‌ಮಾಸ್ತರ ಡಂಬಲ್ಡೋರ್ ಕೈಯಿಂದ ಆ ದಂಡ ಹಾರಿಸಿದವನು ಹ್ಯಾರಿಗೆ ಆಗದ ಸಹಪಾಠಿ ಡ್ರ್ಯಾಕೊ ಮಾಲ್ಫಾಯ್, ಕೊಂದವನು ಮೇಷ್ಟ್ರು ಸ್ನೇಪ್. ಅಂದರೆ ಅವತ್ತೇ ದಂಡ ಡ್ರ್ಯಾಕೊನದಾಯಿತು. ಅವನಿಗೇ ಅದು ಗೊತ್ತಿಲ್ಲ.

ಈಗ ಏಳನೇ ಪುಸ್ತಕದ 23ನೇ ಅಧ್ಯಾಯ. ಮಾಲ್ಫಾಯ್ ಬಂಗಲೆಯ ಗದ್ದಲದಲ್ಲಿ ಹ್ಯಾರಿ ಡ್ರ್ಯಾಕೊ ಕೈಯಿಂದ ಮೂರು ದಂಡ ಕಿತ್ತುಕೊಳ್ಳುತ್ತಾನೆ. ಕಣ್ಣು ಪಿಳುಕಿಸುವಷ್ಟರಲ್ಲಿ ಆ ಸಾಲು ಮುಗಿದಿರುತ್ತದೆ. ಆ ಮೂರರಲ್ಲಿ ಎಲ್ಡರ್ ವಾಂಡ್ ಇಲ್ಲವೇ ಇಲ್ಲ, ಅದು ದೂರದಲ್ಲಿ ಡಂಬಲ್ಡೋರ್ ಸಮಾಧಿಯೊಳಗಿದೆ. ಆದರೂ ಒಡೆತನ ಹ್ಯಾರಿಗೆ ಬಂತು. ನಮ್ಮ ಕಡೆ ಹೊಲ ಉಳುವವನು ಒಬ್ಬ, ಉತಾರದಲ್ಲಿ ಹೆಸರು ಇನ್ನೊಬ್ಬನದು ಇರುತ್ತದಲ್ಲ, ಹಾಗೆ. ಈ ಉತಾರ ಓದುವುದು ಹೇಗೆ ಅಂತ 24ರಲ್ಲಿ ದಂಡ ಮಾಡುವ ಮುದುಕ ಆಲಿವಾಂಡರ್ ಹೇಳಿಕೊಡುತ್ತಾನೆ. ಹ್ಯಾರಿಯ ವೈರಿ ವೋಲ್ಡೆಮಾರ್ಟ್‌ಗೆ ಅದು ತಲೆಗೆ ಹೋಗುವುದಿಲ್ಲ. ಸ್ನೇಪ್ ಸತ್ತರೆ ದಂಡ ತನ್ನದಾಗುತ್ತದೆ ಅಂದುಕೊಂಡು ಸುಮ್ನೆ ಅವನ ಜೀವ ತೆಗೆಯುತ್ತಾನೆ.

ನಾನು ಹಾರಿಸಿದ್ದು ಇದೇ ಅಧ್ಯಾಯಗಳನ್ನು. ಹಾಗಾಗಿ ಕೊನೆಗೆ ದೊಡ್ಡ ಹಾಲ್‌ನಲ್ಲಿ ಹ್ಯಾರಿ ಎಲ್ಲರೆದುರು ಸುತ್ತು ಹಾಕುತ್ತಾ "ದಂಡ ನಿನ್ನದಲ್ಲ" ಅಂತ ವಿವರಿಸಿದಾಗ ನನಗೆ ಸಿಟ್ಟೇ ಬಂತು. ಇದೆಲ್ಲಿಂದ ಬಂತು? ಲೇಖಕಿಗೆ ಮುಗಿಸಲು ದಾರಿ ಕಾಣದೆ ಏನೋ ತಂದು ತುರುಕಿದ್ದಾರೆ ಅಂತ ವಾದಕ್ಕಿಳಿದೆ. ಅತ್ತೆಯ ಮಗ ಬಸ್‌ಸ್ಟ್ಯಾಂಡ್‌ವರೆಗೂ ವಾದಿಸಿದ. ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಹೋಗುವ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ "ಇಪ್ಪತ್ಮೂರನೇದ್ದು ಓದಲೇ" ಅಂದ. ಓದಲು ಪುಸ್ತಕ ಎಲ್ಲಿದೆ, ಅವನ ತೊಡೆಯ ಮೇಲಿತ್ತು. ಆ ಸಿಟ್ಟು ಎಷ್ಟಿತ್ತೆಂದರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ಹುಡುಕಿ ಕೂಡಿಸಿದ್ದ ಮೊದಲ ಆರು ಪುಸ್ತಕಗಳನ್ನು ಮುಂದೆ ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕಿದೆ. ತೂಕಕ್ಕೆ!

2020ರ ಲಾಕ್‌ಡೌನ್‌ನಲ್ಲಿ ಬೇರೆ ಕೆಲಸವಿಲ್ಲದೆ ಏಳನೆಯದನ್ನು ಪೂರ್ತಿ ಓದಿದೆ. ಆಗಲೇ ಗೊತ್ತಾದದ್ದು, ಪುಸ್ತಕದ ಜೀವ ಯುದ್ಧದಲ್ಲಿಲ್ಲ ಅಂತ. ತನ್ನನ್ನು ಕಾಪಾಡಿದ ಪುಟ್ಟ ಎಲ್ಫ್ ಡಾಬಿ ಸತ್ತಾಗ ಹ್ಯಾರಿ ಮಂತ್ರ ಹಾಕದೆ ಗುದ್ದಲಿ ಹಿಡಿದು ಗುಂಡಿ ತೋಡುತ್ತಾನೆ. ಕೈಗೆ ಬೊಬ್ಬೆ ಏಳುತ್ತವೆ. ಆ ಕತ್ತಲಲ್ಲಿ ತೋಡುತ್ತಲೇ ಅವನು ತೀರ್ಮಾನಕ್ಕೆ ಬರುವುದು: ಎಲ್ಡರ್ ವಾಂಡ್ ಹಿಂದೆ ಓಡುವುದಿಲ್ಲ, ವೋಲ್ಡೆಮಾರ್ಟ್ ತನ್ನ ಆತ್ಮದ ತುಂಡುಗಳನ್ನು ಬಚ್ಚಿಟ್ಟಿರುವ ಹಾರ್‌ಕ್ರಕ್ಸ್‌ಗಳನ್ನು ಹುಡುಕಿ ನಾಶ ಮಾಡುವುದೇ ಕೆಲಸ. ವೈರಿ ದಂಡ ತಗೊಂಡು ಹೋಗುತ್ತಿದ್ದಾನೆ ಅಂತ ಗೊತ್ತಿದ್ದೂ ಬಿಡುತ್ತಾನೆ. ಸಿನಿಮಾದಲ್ಲಿ ಗುಂಡಿ ತೋಡುವುದು ಕಾಣುತ್ತದೆ, ಈ ತೀರ್ಮಾನ ಕಾಣುವುದಿಲ್ಲ. ದಂಡದ ಲೆಕ್ಕವನ್ನೂ ಸಿನಿಮಾದಲ್ಲಿ ಎಲ್ಲ ಮುಗಿದ ಮೇಲೆ ಸೇತುವೆಯ ಮೇಲೆ ಗೆಳೆಯರಿಗೆ ಹೇಳಿ ಕೈತೊಳೆದುಕೊಂಡಿದ್ದಾರೆ. ಪುಸ್ತಕದಲ್ಲಿ ಅದನ್ನು ವೋಲ್ಡೆಮಾರ್ಟ್ ಮುಖಕ್ಕೇ ಹೇಳುತ್ತಾನೆ.

ಮಜಾ ಅಂದ್ರೆ ಯುದ್ಧ ಅಂತ ನೀವು ಹಿಡಿದಿದ್ದೀರಿ. ನಾನು ಒಪ್ಪಲ್ಲ. ಹೊಡೆದಾಟ ಬೇಕಿದ್ದರೆ 2011ರ ಸಿನಿಮಾ ಸಾಕು, ಅದು ಚೆನ್ನಾಗೇ ಇದೆ. ಟೆಂಟ್ ಭಾಗ ಎಳೆಯುತ್ತದೆ ನಿಜ, ಆದರೆ ಅದು ಎಳೆಯಲೇಬೇಕು. ಹಿಂದಿನ ಆರರಲ್ಲೂ ಶಾಲೆ ಇತ್ತು, ಊಟ ಇತ್ತು, ಹೇಳಿಕೊಡಲು ದೊಡ್ಡವರಿದ್ದರು. ಇಲ್ಲಿ ಹ್ಯಾರಿ, ರಾನ್, ಹರ್ಮಯನಿ ಮೂವರೇ, ಸರಿಯಾಗಿ ಊಟ ಇಲ್ಲ, ಕುತ್ತಿಗೆಗೆ ಪಾಳಿ ಪ್ರಕಾರ ಹಾಕಿಕೊಳ್ಳುವ ಒಂದು ಕೆಟ್ಟ ಲಾಕೆಟ್. ಅದು ಹಾಕಿಕೊಂಡವರ ತಲೆ ಕೆಡುತ್ತದೆ. ನಿಮಗೂ ಬೇಜಾರಾಗುತ್ತಿದೆ ಅಂದರೆ ಓದು ಸರಿಯಾಗೇ ನಡೀತಿದೆ.

ಮೊದಲ ಆರನ್ನೂ ಮತ್ತೆ ಓದಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅಷ್ಟೆಲ್ಲ ಬೇಕಿಲ್ಲ. ಆರನೆಯದರ ಆ 27ನೇ ಅಧ್ಯಾಯ ಒಂದನ್ನು ಇನ್ನೊಮ್ಮೆ ನೋಡಿ, ಸಾಕು. ಟೆಂಟ್ ಭಾಗವನ್ನು ದಿನಕ್ಕೆ ಒಂದು ಅಧ್ಯಾಯ ಓದಿ, ಜಾಸ್ತಿ ಬೇಡ. 19ನೇ ಅಧ್ಯಾಯಕ್ಕೆ ರಾನ್ ವಾಪಸ್ ಬರುತ್ತಾನೆ, ಅಲ್ಲಿಂದ ತಾನೇ ಓಡುತ್ತದೆ. ಏನಾದರೂ ಬಿಡಲೇಬೇಕು ಅಂತ ಕೈ ತುರಿಸುತ್ತಿದ್ದರೆ, 36ನೇ ಅಧ್ಯಾಯ ಆದಮೇಲೆ "ಹತ್ತೊಂಬತ್ತು ವರ್ಷಗಳ ನಂತರ" ಅಂತ ಸಣ್ಣದೊಂದು ತುಣುಕು ಇದೆ. ಮದುವೆಯಾಗಿ, ಮಕ್ಕಳಾಗಿ, ರೈಲು ಹತ್ತಿಸಿ ಕಳಿಸುವುದು. ಅದನ್ನು ಬಿಡಿ, ಏನೂ ನಷ್ಟವಿಲ್ಲ.