ಕಚ್ಚಿಕೊಂಡ ಚಕ್ರದ ನಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಲ್ಪೆ ಬಂದರಿನಿಂದ ಬೆಂಗಳೂರಿಗೆ ಮೀನು ಸಾಗಿಸುವ ಆರು ಚಕ್ರದ ಹಳೆಯ ಲಾರಿಯೊಂದು ನನ್ನಲ್ಲಿದೆ. ಎರಡು ವರ್ಷಗಳ ಹಿಂದೆ ಅದನ್ನು ಬೇರೊಬ್ಬರಿಂದ ಕೊಂಡಿದ್ದೆ. ಕಳೆದ ತಿಂಗಳು ಶಿರಾಡಿ ಘಾಟಿಯಲ್ಲಿ ಎಡಬದಿಯ ಹಿಂದಿನ ಹೊರಚಕ್ರ ಪಂಕ್ಚರ್ ಆದಾಗ, ಚಾಲಕ ಮತ್ತು ಕ್ಲೀನರ್ ಇಬ್ಬರೂ ವೀಲ್ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಅದರ ಮೇಲೆ ನಿಂತು ಕುಣಿದರೂ ನಟ್ಟುಗಳು ಅಲ್ಲಾಡಲಿಲ್ಲ. ಒಂದು ಬೋಲ್ಟು ಮುರಿದೇಹೋಯಿತು. ಕೊನೆಗೆ ಪಂಕ್ಚರ್ ಅಂಗಡಿಯವರೊಬ್ಬರು ಗ್ಯಾಸ್ ಕಟರಿನಿಂದ ಕಾಯಿಸಿ ಬಿಚ್ಚಿಕೊಟ್ಟರು. ಹೀಗೆ ಕಾಯಿಸುವುದು ಸರಿಯೆ? ನಟ್ಟುಗಳು ಇಷ್ಟೊಂದು ಕಚ್ಚಿಕೊಳ್ಳುವುದೇಕೆ?
— ಲಾರಿ ಮಾಲೀಕರು, ಉಡುಪಿ ಜಿಲ್ಲೆ

ಉತ್ತರ: ಕಾಯಿಸಿದ್ದು ತಪ್ಪು. ಅನಾಹುತವಾಗಲಿಲ್ಲ ಎಂಬುದು ನಿಮ್ಮ ಅದೃಷ್ಟ. ಟಯರು ಡಿಸ್ಕಿನ (ಟಯರನ್ನು ಹೊತ್ತ ಉಕ್ಕಿನ ಚಕ್ರದ) ಮೇಲಿರುವಾಗ ನಟ್ಟಿಗೆ ಜ್ವಾಲೆ ಹಿಡಿದರೆ, ಆ ಶಾಖ ಡಿಸ್ಕಿನ ಮೂಲಕ ರಬ್ಬರಿಗೆ ತಲುಪಿ, ಅಲ್ಲಿ ಉರಿಯಬಲ್ಲ ಅನಿಲಗಳು ಹುಟ್ಟಿ, ಟಯರು ಬಾಂಬಿನಂತೆ ಸಿಡಿಯುವ ಸಾಧ್ಯತೆಯಿದೆ. ಜ್ವಾಲೆ ಆರಿಸಿ ಸ್ವಲ್ಪ ಹೊತ್ತಾದ ಮೇಲೂ ಹೀಗಾಗಬಹುದು. ಗಾಳಿ ತೆಗೆದಿದ್ದೇವೆ ಎಂಬ ಸಮಾಧಾನವೂ ಇಲ್ಲಿ ಸಾಲದು. ಜೊತೆಗೆ, ವೀಲ್ ಬೋಲ್ಟುಗಳ ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದವು ಕೆಂಪಗೆ ಕಾದೊಡನೆ ಕೆಡುತ್ತದೆ. ಆದ್ದರಿಂದ ಅಂದು ಬೆಂಕಿ ತಾಗಿದ ಬೋಲ್ಟು ನಟ್ಟುಗಳೆಲ್ಲವನ್ನೂ ಈ ವಾರವೇ ಬದಲಿಸಿ.

ಇನ್ನು ಕಚ್ಚಿಕೊಂಡ ಕಾರಣ. ಮೀನಿನ ಲಾರಿಯಲ್ಲಿ ಮಂಜುಗಡ್ಡೆ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಹಿಂದಿನ ಚಕ್ರಗಳ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಘಾಟಿ ಇಳಿಯುವಾಗ ಬ್ರೇಕಿನ ಬಿಸಿಗೆ ಅದೇ ನೀರು ಒಣಗಿ, ಥ್ರೆಡ್ಡಿನ (ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗಳ) ಸಂದಿನಲ್ಲಿ ಉಪ್ಪನ್ನೂ ತುಕ್ಕನ್ನೂ ಉಳಿಸುತ್ತದೆ. ಆದರೆ ತುಕ್ಕಿನ ಮೇಲೆಯೇ ಎಲ್ಲ ತಪ್ಪು ಹೊರಿಸುವಂತಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ನಟ್ಟುಗಳು ಕಚ್ಚಿಕೊಳ್ಳುವುದು ಹಿಂದಿನ ಸಲ ಬಿಗಿಮಾಡಿದವರ ಕೈಯಿಂದ. ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಏರ್ ಗನ್ನನ್ನು ನಟ್ಟಿಗೆ ಇಟ್ಟು ಸದ್ದು ಬದಲಾದ ಮೇಲೂ ಒತ್ತಿ ಹಿಡಿದರೆ ಬಿಗಿ ಎಷ್ಟಾಯಿತೆಂಬುದು ಯಾರಿಗೂ ತಿಳಿಯದು.

ನಿಮ್ಮದು ಹಳೆಯ ಲಾರಿ, ತೊಂದರೆಯಾದದ್ದು ಎಡಬದಿಯಲ್ಲಿ ಎಂದಿರುವುದರಿಂದ ಇನ್ನೊಂದು ಅನುಮಾನವೂ ಇದೆ. ಕೆಲವು ಹಳೆಯ ಲಾರಿಗಳಲ್ಲಿ ಎಡಬದಿಯ ಚಕ್ರಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ; ಅವನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಇಬ್ಬರು ಪೈಪಿನ ಮೇಲೆ ಕುಣಿದದ್ದು ಬಿಗಿಮಾಡುವ ದಿಕ್ಕಿನಲ್ಲೇ ಆಗಿದ್ದರೆ ಬೋಲ್ಟು ಮುರಿಯದೆ ಏನಾದೀತು? ಬೋಲ್ಟಿನ ತುದಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ನೋಡಿ. ಅಲ್ಲಿ ‘ಎಲ್’ ಎಂಬ ಇಂಗ್ಲಿಷ್ ಅಕ್ಷರ ಕೊರೆದಿದ್ದರೆ ಅದು ಉಲ್ಟಾ ಥ್ರೆಡ್. ಅಕ್ಷರ ಅಳಿಸಿಹೋಗಿದ್ದರೆ, ಹೊರಗೆ ಕಾಣುವ ಥ್ರೆಡ್ಡಿನ ಓರೆಯನ್ನು ಬಲಬದಿಯ ಚಕ್ರದ ಬೋಲ್ಟಿನೊಂದಿಗೆ ಹೋಲಿಸಿದರೂ ಗೊತ್ತಾಗುತ್ತದೆ.

ಬಿಚ್ಚುವ ಕೆಲಸವನ್ನು ಜಾಕಿ ಎತ್ತುವ ಮೊದಲೇ, ಸಮತಟ್ಟಾದ ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಬೇರೆ ಚಕ್ರಗಳಿಗೆ ಮರದ ಅಡೆ ಕೊಟ್ಟು ಆರಂಭಿಸಬೇಕು. ನಟ್ಟಿನಿಂದ ಹೊರಕ್ಕೆ ಚಾಚಿರುವ ಥ್ರೆಡ್ಡನ್ನು ಮೊದಲು ಬ್ರಷ್ಷಿನಿಂದ ಚೊಕ್ಕಟ ಮಾಡಿ, ಏಕೆಂದರೆ ನಟ್ಟು ಹೊರಬರುವಾಗ ಸಾಗಬೇಕಾದದ್ದು ಅದೇ ದಾರಿಯಲ್ಲಿ. ಬಳಿಕ ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಥ್ರೆಡ್ಡಿಗೂ, ನಟ್ಟು ಡಿಸ್ಕಿಗೆ ತಾಗುವ ಸಂದಿಗೂ ಬಿಡಿ. ನಮ್ಮ ಲಾರಿಯವರು ಡೀಸೆಲ್ ಹೊಯ್ದು ಮರುಕ್ಷಣವೇ ಪೈಪು ಎತ್ತಿಕೊಳ್ಳುತ್ತಾರೆ. ಎಣ್ಣೆಗೆ ಬೇಕಾದದ್ದು ಸಮಯ, ಅರ್ಧ ಗಂಟೆಯಾದರೂ ಕೊಡಬೇಕು, ಶೆಡ್ಡಿನಲ್ಲಿದ್ದರೆ ಇಡೀ ರಾತ್ರಿ. ನಡುನಡುವೆ ನಟ್ಟಿನ ಒಂದು ಮಗ್ಗುಲಿಗೆ ಭಾರವಾದ ಸುತ್ತಿಗೆಯನ್ನು ಆನಿಸಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದರಿಂದ ತಟ್ಟಿದರೆ ತುಕ್ಕಿನ ಪದರ ಬಿರಿದು ಎಣ್ಣೆ ಒಳಗಿಳಿಯುತ್ತದೆ.

ಸವೆಯದ ಆರು ಮೂಲೆಯ ಸಾಕೆಟ್ಟನ್ನು ನಟ್ಟಿನ ಮೇಲೆ ಪೂರ್ತಿ ಕೂರಿಸಿ. ಹಿಂದಿನ ಚಕ್ರದಲ್ಲಿ ಡಿಸ್ಕು ಒಳಕ್ಕೆ ಗುಳಿಬಿದ್ದಿರುವುದರಿಂದ ಪಾನಾದ ದಂಡ ಹೊರಕ್ಕೆ ಚಾಚಿ ನಿಲ್ಲುತ್ತದೆ. ಅದರ ತುದಿಗೆ ಭಾರ ಬಿದ್ದಾಗ ಸಾಕೆಟ್ಟು ಓರೆಯಾಗಿ ನಟ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ದಂಡದ ಕೆಳಗೆ ಇನ್ನೊಂದು ಜಾಕಿಯನ್ನೋ ಮರದ ದಿಮ್ಮಿಯನ್ನೋ ಆಸರೆ ಕೊಟ್ಟರೆ ಅರ್ಧ ಜಗಳ ಮುಗಿದಂತೆ. ಮಾಮೂಲಿ ಥ್ರೆಡ್ಡಿಗೆ ಪೈಪು ನಿಮ್ಮ ಎಡಕ್ಕೆ ಅಡ್ಡವಾಗಿರಲಿ, ಉಲ್ಟಾ ಥ್ರೆಡ್ಡಿಗೆ ಬಲಕ್ಕೆ. ಎರಡರಲ್ಲೂ ಕೆಳಮುಖವಾಗಿ, ಕುಣಿಯದೆ, ನಿಧಾನವಾಗಿ ಭಾರ ಹಾಕಿ. ನಟ್ಟು ಬಿಟ್ಟುಕೊಟ್ಟರೆ ‘ಟಕ್’ ಎಂದು ಗಡಸಾದ ಸದ್ದು ಬರುತ್ತದೆ. ಸದ್ದಿಲ್ಲದೆ, ಜಿಗುಟಾಗಿ, ಅಂಟನ್ನು ತಿರುವಿದಂತೆ ಪೈಪು ಸಾಗತೊಡಗಿದರೆ ಒಳಗೆ ತಿರುಚಿಕೊಳ್ಳುತ್ತಿರುವುದು ಬೋಲ್ಟು, ಅಲ್ಲಿಗೆ ನಿಲ್ಲಿಸಿ. ಒಂದು ಎಳೆಯಷ್ಟು ಬಿಗಿಮಾಡಿ, ಮತ್ತೆ ಎಣ್ಣೆ ಬಿಟ್ಟು, ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ತೆಗೆಯಿರಿ. ಹಲ್ಲುಚಕ್ರಗಳಿರುವ ಕೈ ಗೇರಿನ ಪಾನಾ ಹತ್ತಾರು ಪಟ್ಟು ಬಲ ಕೊಡುತ್ತದೆ ನಿಜ, ಆದರೆ ಬೋಲ್ಟು ತಿರುಚುವುದು ಅದರಲ್ಲಿ ಕೈಗೆ ತಿಳಿಯುವುದಿಲ್ಲ. ಪಕ್ಕದ ನಟ್ಟಿಗೆ ಆನುವ ಅದರ ಕಾಲಿನ ಬಳಿ ಬೆರಳಿಡಬೇಡಿ.

ಒಂದು ಬೋಲ್ಟು ಮುರಿದಾಗ ಅದರ ಭಾರವನ್ನು ಹೊತ್ತದ್ದು ಅಕ್ಕಪಕ್ಕದವು. ಆದ್ದರಿಂದ ಆ ಎರಡನ್ನೂ ಬದಲಿಸುವುದು ರೂಢಿ. ಎರಡು ಅಥವಾ ಹೆಚ್ಚು ಮುರಿದಿದ್ದರೆ ಆ ಚಕ್ರದ ಎಲ್ಲವನ್ನೂ ಬದಲಿಸಬೇಕು.

ಮರಳಿ ಹಾಕುವಾಗ ಡಿಸ್ಕು ಮತ್ತು ಬ್ರೇಕ್ ಡ್ರಮ್ಮು ಕೂಡುವ ಮೈಯಲ್ಲಿ ತುಕ್ಕು, ದಪ್ಪ ಬಣ್ಣ ಇರಬಾರದು. ಇಂದಿನ ಭಾರಿ ಲಾರಿಗಳಲ್ಲಿ ಸಾಮಾನ್ಯವಾದ 22 ಮಿ.ಮೀ. ಬೋಲ್ಟಿಗೆ ಬೇಕಾದ ಬಿಗಿ ಸುಮಾರು 600 ನ್ಯೂಟನ್ ಮೀಟರಿನ ಆಸುಪಾಸು. ಅಂದರೆ 60 ಕಿಲೋ ತೂಕದ ಒಬ್ಬ ವ್ಯಕ್ತಿ 1 ಮೀಟರ್ ಉದ್ದದ ದಂಡದ ತುದಿಗೆ ಪೂರ್ಣ ಭಾರ ಹಾಕಿದಷ್ಟು. ನಿಮ್ಮ ಹಳೆಯ ಲಾರಿಗೆ ಅದರ ಕೈಪಿಡಿಯ ಅಂಕಿಯೇ ಪ್ರಮಾಣ. ಹಾಗಾಗಿ ಆ ಉದ್ದನೆಯ ಪೈಪು ಬಿಚ್ಚುವುದಕ್ಕೆ ಮಾತ್ರ. ಎದುರುಬದುರಿನ ನಟ್ಟುಗಳನ್ನು ಜೋಡಿಯಾಗಿ ಬಿಗಿಮಾಡಿ, 80ರಿಂದ 160 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಮಲ್ಪೆಯಿಂದ ಹೊರಟರೆ ಘಾಟಿ ಹತ್ತುವ ಮುನ್ನ ಚಹಾಕ್ಕೆ ನಿಲ್ಲುವ ಜಾಗವೇ ಇದಕ್ಕೂ ಸಾಕು.

ಪ್ರಶ್ನೆ: ನನ್ನ ಟಿಪ್ಪರಿನ ಒಂದು ನಟ್ಟು ಸುಲಭವಾಗಿ ತಿರುಗುತ್ತದೆ, ಆದರೆ ಎಷ್ಟು ತಿರುಗಿಸಿದರೂ ಹೊರಬರುವುದಿಲ್ಲ. ಏನು ಮಾಡಲಿ?
— ಓದುಗರು, ಸಂಡೂರು

ಉತ್ತರ: ಹಬ್ಬಿನಲ್ಲಿ (ಚಕ್ರವನ್ನು ಕೂರಿಸುವ ನಡುಭಾಗದಲ್ಲಿ) ಬೋಲ್ಟನ್ನು ಹಿಡಿದಿಡುವ ಗೀರುಹಲ್ಲುಗಳು ಸವೆದು ಬೋಲ್ಟೇ ನಟ್ಟಿನ ಜೊತೆ ತಿರುಗುತ್ತಿದೆ. ಉಳಿದ ನಟ್ಟುಗಳನ್ನು ಬಿಗಿಯಾಗಿಯೇ ಇಟ್ಟು, ಹಿಂದಿನಿಂದ ಬೋಲ್ಟಿನ ತಲೆಯನ್ನು ಹಿಡಿಯಲು ಜಾಗವಿದೆಯೇ ನೋಡಿ. ಇಲ್ಲವಾದರೆ ನಟ್ಟು ಸೀಳುವ ಉಪಕರಣದಿಂದಲೋ ಚಾಣದಿಂದಲೋ ನಟ್ಟನ್ನೇ ಸೀಳಬೇಕು. ಅದಕ್ಕೆ ವೆಲ್ಡಿಂಗ್ ತಂದು ಮುಟ್ಟಿಸುವವರಿದ್ದಾರೆ. ಟಯರು ಚಕ್ರದಲ್ಲಿರುವಾಗ ಅದಕ್ಕೆ ಒಪ್ಪಬೇಡಿ. ಹಬ್ಬಿನ ತೂತು ದೊಡ್ಡದಾಗಿದ್ದರೆ ಹೊಸ ಬೋಲ್ಟೂ ಅಲ್ಲಿ ನಿಲ್ಲದು, ಹಬ್ಬನ್ನೇ ಬದಲಿಸಬೇಕಾದೀತು.